ಮಾವ ಹೋಗಿಬಂದ ದ್ವೀಪ

ನಮ್ಮ ಮಾವ ತಮ್ಮ ಜೀವಮಾನದಲ್ಲಿ ಒಂದೇ ಒಂದು ಸಲ ದೊಡ್ಡ ಸುಳ್ಳು ಹೇಳಿದರು. ಅದನ್ನು ಊರೆಲ್ಲ ನಂಬಿತು. ಆಮೇಲೆ ಹದಿನೇಳು ಸಲ ನಿಜ ಹೇಳಿದರು. ಒಂದು ನರಪಿಳ್ಳೆಯೂ ನಂಬಲಿಲ್ಲ. ಹದಿನೇಳು ಎಂದು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಪ್ರತಿ ಸಲವೂ ಪಕ್ಕದಲ್ಲಿ ನಿಂತು ಹಲ್ಲು ಕಡಿದವನು ನಾನೇ.

ಮಾವ ಎಂದರೆ ನನ್ನ ತಾಯಿಯ ತಮ್ಮ. ನಾವಿಬ್ಬರೂ ಒಂದೇ ಕಡೆ ಕೆಲಸ ಮಾಡುತ್ತೇವೆ. ಕಾರ್ಖಾನೆ ಅನ್ನುವುದು ಬೋರ್ಡಿನ ಮೇಲಷ್ಟೇ. ನಿಜಕ್ಕೆ ತಗಡು ಹೊದಿಸಿದ ಎರಡು ಉದ್ದನೆಯ ಕೋಣೆ. ಶಾಲೆಗಳ ಗಾಜಿನ ಬೀರುವಿನೊಳಗೆ ಧೂಳು ತಿನ್ನುತ್ತ ಕೂತಿರುತ್ತವಲ್ಲ, ಸೀಳಿದ ಹೃದಯ, ಬಿಚ್ಚಿ ಜೋಡಿಸುವ ಕಿವಿ, ಸರಿಗೆಯಲ್ಲಿ ನೇತಾಡುವ ಅಸ್ಥಿಪಂಜರ, ಅವೆಲ್ಲ ಹುಟ್ಟುವುದು ಇಲ್ಲಿ. ನನ್ನ ಪಾಲಿಗೆ ಬಂದದ್ದು ಹಲ್ಲು. ಮಾವನ ಪಾಲಿಗೆ ಬಂದದ್ದು ಜ್ವಾಲಾಮುಖಿ ದ್ವೀಪ.

ಅದು ನಿಜವಾಗಿ ಇರುವ ದ್ವೀಪ. ದಡದಿಂದ ಎರಡು ದಿನದ ಹಡಗು ಪ್ರಯಾಣ. ಭೂಪಟದಲ್ಲಿ ಹುಡುಕಿದರೆ ನೊಣ ಕೂತು ಎದ್ದುಹೋದಷ್ಟು ಗುರುತು. ಆದರೆ ಶಾಲೆಯ ಪುಸ್ತಕದಲ್ಲಿ ಅದಕ್ಕೊಂದು ಪಾಠವಿದೆ, ಪಾಠಕ್ಕೊಂದು ಚಿತ್ರವಿದೆ. ಮಾವ ಕೆಲಸಕ್ಕೆ ಸೇರಿದ ಮೊದಲನೆಯ ವಾರ ಆ ಚಿತ್ರವನ್ನು ಎದುರಿಗಿಟ್ಟುಕೊಂಡು, ಇದ್ದದ್ದು ಇದ್ದ ಹಾಗೆ, ಪ್ಲಾಸ್ಟರ್ ಹಲಗೆಯಲ್ಲಿ ಗುಳಿ ಕೊರೆದು ಅಚ್ಚು ಮಾಡಿದರು. ಗುಳಿಗೆ ಹಸಿ ಪ್ಲಾಸ್ಟರ್ ಹೊಯ್ಯುವುದು, ಒಣಗಿದ ಮೇಲೆ ಕವುಚಿ ತಟ್ಟುವುದು, ಹೊರಬಿದ್ದ ದ್ವೀಪಕ್ಕೆ ಬಣ್ಣ ಹಚ್ಚುವುದು. ನಡುವೆ ಕಪ್ಪು ಬೆಟ್ಟ, ಅದರ ತುದಿಯಲ್ಲಿ ಕಿರುಬೆರಳು ಹಿಡಿಸುವ ಬಾಯಿ, ಬುಡದಲ್ಲಿ ದೋಣಿ ಕಟ್ಟುವ ಕಟ್ಟೆ, ಕಟ್ಟೆಯ ಬಲಗಡೆ ಅರ್ಧಚಂದ್ರದ ಹಾಗೆ ಗುಲಾಬಿ ಬಣ್ಣದ ಹವಳದ ದಿಬ್ಬ, ಸುತ್ತ ನೀಲಿ. ಇಪ್ಪತ್ತೆರಡು ವರ್ಷ ಅದೇ ದ್ವೀಪ, ಅದೇ ನೀಲಿ.

ಊಟದ ಹೊತ್ತಿನಲ್ಲಿ ನಾವೆಲ್ಲ ಹೊರಗೆ ಕಟ್ಟೆ ಮೇಲೆ ಕೂತರೆ ಮಾವ ಒಳಗೇ ಇರುತ್ತಿದ್ದರು. ಬಣ್ಣ ಒಣಗಿದ ದ್ವೀಪದ ದಡದ ಮೇಲೆ ಬೆರಳಲ್ಲಿ ನಡೆಯುತ್ತಿದ್ದರು. "ಇಲ್ಲಿ ಮಧ್ಯಾಹ್ನದ ಮೇಲೆ ನೆರಳು ಬರುತ್ತೆ ಕಣೋ," ಎನ್ನುತ್ತಿದ್ದರು. "ಇಲ್ಲಿ ಕೂತ್ರೆ ಹವಳ ಪೂರ್ತಿ ಕಾಣ್ಸುತ್ತೆ."

"ಮಾವ, ಅದು ಪ್ಲಾಸ್ಟರು."

"ಗೊತ್ತು ಬಿಡೋ. ನಾನೇ ಕಲಸಿದ್ದು."

ಇಂಥ ನಿರುಪದ್ರವಿ ಮನುಷ್ಯನ ತಲೆಯ ಮೇಲೆ ಒಂದು ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ಬಂದು ಬಿದ್ದರು. ಒಂದು ಕಂಕುಳಲ್ಲಿ ನಮ್ಮ ದ್ವೀಪ, ಇನ್ನೊಂದರಲ್ಲಿ ಪುಸ್ತಕ. ಎರಡನ್ನೂ ಯಜಮಾನರ ಮೇಜಿನ ಮೇಲೆ ಕುಕ್ಕಿದರು.

"ನೋಡಿ. ಪುಸ್ತಕದಲ್ಲಿ ಹವಳ ಎಡಗಡೆ. ನಿಮ್ಮದರಲ್ಲಿ ಬಲಗಡೆ. ಮಕ್ಕಳು ಯಾವುದು ಸರಿ ಅಂತ ಕೇಳ್ತಾರೆ. ನಾನೇನು, ಎರಡೂ ಸರಿ ಅನ್ಲಾ?"

ಇಪ್ಪತ್ತೆರಡು ವರ್ಷ ಇದನ್ನು ಯಾರೂ ಏಕೆ ಕೇಳಿರಲಿಲ್ಲ ಎಂದರೆ, ಇಪ್ಪತ್ತೆರಡು ವರ್ಷ ಯಾವ ಶಾಲೆಯವರೂ ಆ ಬೀರುವಿನ ಬೀಗ ತೆಗೆದಿರಲಿಲ್ಲ. ಬೀಗ ತೆಗೆದ ಮೊದಲ ಮಹಿಳೆ ಇವರು. ಇಂಥವರಿಂದಲೇ ದೇಶಕ್ಕೆ ತೊಂದರೆ.

ಯಜಮಾನರ ಹಣೆಯಲ್ಲಿ ಬೆವರು ಒಡೆಯಿತು. ಮಾರಿದ ದ್ವೀಪಗಳೆಲ್ಲ ಲಾರಿ ಹತ್ತಿ ವಾಪಸು ಬರುವುದು ಅವರ ಕಣ್ಣಿಗೆ ಕಟ್ಟಿತ್ತು. "ಏನಯ್ಯಾ ಇದು?" ಎಂದು ಮಾವನ ಕಡೆ ತಿರುಗಿದರು.

ಮಾವ ಬ್ರಷ್ಷು ಒರೆಸುತ್ತ ಬಂದು ಪುಸ್ತಕ ನೋಡಿದರು, ದ್ವೀಪ ನೋಡಿದರು. ತಾವೇ ಕಣ್ಣಾರೆ ನೋಡಿ ಕೊರೆದ ಅಚ್ಚು. ಅದು ತಪ್ಪಾಗಿರಲು ಸಾಧ್ಯವೇ ಇಲ್ಲ.

"ಪುಸ್ತಕ ತಪ್ಪು ಮೇಡಂ. ಹೊಸದಾಗಿ ಅಚ್ಚು ಹಾಕೋವಾಗ ತಿರುಗಿಸಿ ಹಾಕಿಬಿಟ್ಟಿದ್ದಾರೆ."

"ಅಷ್ಟು ಧೈರ್ಯವಾಗಿ ಹೇಗೆ ಹೇಳ್ತೀರಿ?"

"ನಾನು ಹೋಗಿ ನೋಡಿದ್ದೀನಲ್ಲ."

ಬಾಯಿ ಜಾರಿತು ಎನ್ನಲಾರೆ. ಜಾರಿದ ಮಾತಿಗೆ ಗಾಬರಿ ಇರುತ್ತದೆ, ಇದಕ್ಕೆ ಇರಲಿಲ್ಲ. ಮನೆಯಿಂದ ಹೊರಟು ಬಂದೆ ಎಂದಷ್ಟು ಸಲೀಸಾಗಿ ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ನನ್ನ ಕಾಲನ್ನು ತುಳಿದು ನಿಂತು, "ನಮ್ಮಲ್ಲಿ ಕಣ್ಣಲ್ಲಿ ನೋಡದೆ ಏನನ್ನೂ ಮಾಡೋದಿಲ್ಲ ಮೇಡಂ," ಎಂದರು. ಹಾಗಾದರೆ ಆ ಅಸ್ಥಿಪಂಜರ ಮಾಡುವವನು ಏನೇನು ನೋಡಿರಬೇಕೋ ಎಂದು ಆ ಹೆಂಗಸು ಕೇಳಬೇಕಿತ್ತು. ಕೇಳಲಿಲ್ಲ. ಎರಡೂ ಕೈ ಜೋಡಿಸಿಬಿಟ್ಟರು.

ಮಾರನೆಯ ದಿನವೇ ನಾನೂರು ಮಕ್ಕಳು ನಾನೂರು ಪುಸ್ತಕಗಳಲ್ಲಿ ಎಡ ಎಂದಿದ್ದದ್ದನ್ನು ಕೆಂಪು ಶಾಯಿಯಲ್ಲಿ ಹೊಡೆದು ಬಲ ಎಂದು ಬರೆದರು. ಆ ತಿಂಗಳ ಪರೀಕ್ಷೆಯಲ್ಲಿ ಎಡ ಎಂದು ಬರೆದ ಮಕ್ಕಳಿಗೆ ಸೊನ್ನೆ. ಅದರ ಮುಂದಿನ ವಾರ ಮಾವನ ಭಾಷಣ.

ನಾನೂ ಹೋಗಿದ್ದೆ, ಎಲ್ಲಿ ಸಿಕ್ಕಿಬೀಳುತ್ತಾರೋ ಎಂದು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಇಟ್ಟುಕೊಂಡೇ ನಿಂತರು. ಮೊದಲು ಎರಡು ಸಲ ಕೆಮ್ಮಿದರು. ಆಮೇಲೆ ನಿಲ್ಲಿಸಲೇ ಇಲ್ಲ. ಮರಳು ಕಪ್ಪಗಿರುತ್ತದಂತೆ, ಬರಿಗಾಲಲ್ಲಿ ನಿಂತರೆ ಒಳಗಿನಿಂದ ಯಾರೋ ಕಾಯಿಸುತ್ತಿರುವ ಹಾಗೆ ಬಿಸಿಯಂತೆ. ನೀರಿನಲ್ಲಿ ಮುಖ ಮುಳುಗಿಸಿದ ಕೂಡಲೇ ಹೊರಗಿನ ಸದ್ದೆಲ್ಲ ನಿಂತು, ಒಣಗಿದ ಎಲೆ ತುಳಿದ ಹಾಗೆ ಸಣ್ಣಗೆ ಚಟಚಟ ಕೇಳಿಸುತ್ತದಂತೆ. ಅದು ಹವಳದ ಊರಿನ ಸಂಸಾರದ ಸದ್ದಂತೆ. ಮೀನುಗಳು ನಮ್ಮನ್ನು ನೋಡಿ ಓಡುವುದಿಲ್ಲವಂತೆ, ಯಾವುದೋ ಹಳೇ ಪರಿಚಯದವರು ಬಂದರು ಎನ್ನುವಂತೆ ಸುಮ್ಮನೆ ಜಾಗ ಬಿಡುತ್ತವಂತೆ.

"ಆಮೇಲೆ ನೀವು ಯಾಕೆ ವಾಪಸ್ ಬಂದ್ರಿ?" ಎಂದು ಮುಂದಿನ ಸಾಲಿನ ಒಂದು ಹುಡುಗಿ ಕೇಳಿತು.

ಮಾವ ಉಗುರಿನ ನೀಲಿ ಕೆರೆದರು. "ಕೆಲಸ ಇತ್ತು ಪುಟ್ಟಿ," ಎಂದರು. ಮುಖ್ಯೋಪಾಧ್ಯಾಯಿನಿ ಕಣ್ಣೊರೆಸಿಕೊಂಡರು.

ಅಲ್ಲಿಂದ ಬೀದಿ ಹತ್ತಿಕೊಂಡಿತು. ಎದುರುಮನೆಯ ನಿವೃತ್ತ ರೈಲ್ವೆ ಗಾರ್ಡು ತಮ್ಮ ಅಡುಗೆಮನೆ ಗೋಡೆ ಬಿರುಕು ಬಿಟ್ಟದ್ದನ್ನು ತೋರಿಸಲು ಮಾವನನ್ನು ಕರೆದೊಯ್ದರು. "ಒಳಗಿನ ಬೆಂಕಿ ಏನಾದ್ರೂ ಇರಬಹುದಾ? ನೀವು ಹತ್ತಿರದಿಂದ ನೋಡಿದೋರು." ಮಾವ ಗೋಡೆಗೆ ಕಿವಿ ಇಟ್ಟು ಕೇಳಿ, ಸದ್ಯಕ್ಕೆ ಭಯವಿಲ್ಲ ಎಂದರು. ಗಾರ್ಡು ಅವತ್ತಿನಿಂದ ನೆಮ್ಮದಿಯಾಗಿದ್ದಾರೆ. ಗೋಡೆ ಇನ್ನೂ ಬಿರಿಯುತ್ತಿದೆ.

ಅತ್ತೆಯದು ಬೇರೆ ಕಥೆ. ಮಾವ ದ್ವೀಪಕ್ಕೆ ಹೋದದ್ದು ಯಾವಾಗ ಎಂದು ಅವರು ಕೇಳಿದಾಗ, ತಲೆಗೆ ತೋಚಿದ ಹಾಗೆ "ಮದುವೆಗೆ ಮುಂಚೆ" ಎಂದುಬಿಟ್ಟಿದ್ದರು. ಇವರ ಮದುವೆ ಎರಡು ತಿಂಗಳು ಮುಂದಕ್ಕೆ ಹೋಗಿತ್ತು, ಮಾವನಿಗೆ ಕಾಮಾಲೆಯಾಗಿ. ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿದರು.

"ಅಂದ್ರೆ ಕಾಮಾಲೆ ಸುಳ್ಳು! ನಾನು ಎರಡು ತಿಂಗಳು ಬಾಗಿಲು ನೋಡ್ಕೊಂಡು ಅಳ್ತಾ ಕೂತಿದ್ದೆ, ನೀವು ಅಲ್ಲಿ ಮೀನು ನೋಡ್ತಿದ್ರಾ?"

ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ನೀರು ಹಿಡಿಯುವ ಸಾಲಿನಲ್ಲಿ ನಿಂತು, "ನಮ್ಮನೆಯವರು ಆ ಕಾಲಕ್ಕೇ ಒಬ್ಬರೇ ಹೋಗಿಬಂದಿದ್ದಾರೆ," ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದದ್ದನ್ನು ನಾನೇ ಕೇಳಿದೆ.

ಎಲ್ಲ ಹೀಗೇ ತಣ್ಣಗೆ ನಡೆದುಹೋಗುತ್ತಿತ್ತು. ಅಷ್ಟರಲ್ಲಿ ಇಲಾಖೆಯ ಪತ್ರ ಬಂತು.

ಯಜಮಾನರು ಅದನ್ನು ಎರಡು ಕೋಣೆಗೂ ಕೇಳುವ ಹಾಗೆ ಓದಿದರು. ಪಾಠ ಹೇಳುವವರು ಮತ್ತು ಪಾಠದ ಮಾದರಿ ಮಾಡುವವರು, ಒಟ್ಟು ಹನ್ನೆರಡು ಜನರನ್ನು ಇಲಾಖೆ ತನ್ನ ಖರ್ಚಿನಲ್ಲಿ ಹಡಗು ಹತ್ತಿಸಿ ಜ್ವಾಲಾಮುಖಿ ದ್ವೀಪ ತೋರಿಸಿಕೊಂಡು ಬರುತ್ತದೆ. ನಮ್ಮ ಕಾರ್ಖಾನೆಗೆ ಒಂದು ಜಾಗ. ಷರತ್ತು ಒಂದೇ: ಈ ಮೊದಲು ದ್ವೀಪ ನೋಡಿದವರಿಗೆ ಅವಕಾಶವಿಲ್ಲ.

"ನಿನ್ನ ಹೆಸರು ಕಳಿಸ್ತೀನಿ ಕಣೋ," ಎಂದು ಯಜಮಾನರು ನನ್ನ ಬೆನ್ನು ತಟ್ಟಿದರು. "ನಿಮ್ಮ ಮಾವ ಹೇಗಿದ್ರೂ ನೋಡಿದಾನೆ."

ನಾನು ಮಾವನ ಕಡೆ ನೋಡಿದೆ. ಅವರ ಕೈಯಲ್ಲಿದ್ದ ಬ್ರಷ್ಷಿನಿಂದ ನೀಲಿ ಬಣ್ಣ ಕಪ್ಪು ಬೆಟ್ಟದ ಮೇಲೆ ತೊಟ್ಟಿಕ್ಕುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವರು ಒಂದು ಹನಿಯನ್ನೂ ಗಡಿ ದಾಟಿಸಿದವರಲ್ಲ.

ಅವತ್ತು ಶುರುವಾಯಿತು ನಿಜ ಹೇಳುವ ಕಾರ್ಯಕ್ರಮ.

ಮೊದಲು ಯಜಮಾನರಿಗೆ. "ನಾನು ಹೋಗಿಲ್ಲ ಯಜಮಾನ್ರೇ. ಅವತ್ತು ಸುಳ್ಳು ಹೇಳಿದೆ."

ಯಜಮಾನರು ಎದ್ದು ಕಿಟಕಿ ಮುಚ್ಚಿದರು. "ಅವತ್ತು ಹೇಳಿದ್ದು ನಿಜ. ಇವತ್ತು ಹೇಳ್ತಿರೋದು ಸುಳ್ಳು. ಮುನ್ನೂರು ಶಾಲೆಗೆ ಹೋಗಿದೆ ಮಾಲು. ಅರ್ಥ ಆಯ್ತಾ?"

ಮನೆಯಲ್ಲಿ ಅತ್ತೆ ತಟ್ಟೆ ಕೆಳಗಿಟ್ಟರು. "ಹೋಗಿಲ್ವಾ? ಹಾಗಾದ್ರೆ ಆ ಎರಡು ತಿಂಗಳು ಎಲ್ಲಿದ್ರಿ?"

"ಕಾಮಾಲೆ ಕಣೇ. ಅಕ್ಕನ ಮನೇಲಿ ಮಲಗಿದ್ದೆ."

"ದ್ವೀಪ ಅಂತ ಒಪ್ಕೊಂಡು ಆಗಿತ್ತು. ಈಗ ಮತ್ತೆ ಕಾಮಾಲೆಗೆ ಬಂದ್ರಿ. ಅಂದ್ರೆ ದ್ವೀಪದಲ್ಲಿ ಜೊತೇಲಿ ಯಾರೋ ಇದ್ರು. ಯಾರವಳು?"

"ಅತ್ತೆ, ನಮ್ಮಮ್ಮನೇ ಮಾವನಿಗೆ ಗಂಜಿ ಹಾಕಿದ್ದು," ಎಂದೆ ನಾನು.

"ನಿಮ್ಮಮ್ಮ ಬಿಡಪ್ಪ, ತಮ್ಮ ಅಂದ್ರೆ ಸುಣ್ಣಾನೂ ಬೆಣ್ಣೆ ಅಂತಿದ್ರು."

ಮುಖ್ಯೋಪಾಧ್ಯಾಯಿನಿ ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ಪೂರ್ತಿ ಕೇಳಿಸಿಕೊಂಡು, ಮೆಲ್ಲಗೆ ಹೇಳಿದರು: "ನನಗೆ ಅರ್ಥ ಆಗುತ್ತೆ ಸಾರ್. ಒಂದು ಸಲ ನೋಡಿದವರಿಗೆ ಮತ್ತೆ ನೋಡೋ ಆಸೆ. ಆದ್ರೆ ಅದಕ್ಕೋಸ್ಕರ ಸುಳ್ಳು ಹೇಳಬಾರದು. ನಿಮ್ಮಂಥವರೇ ಹೀಗೆ ಮಾಡಿದ್ರೆ ಮಕ್ಕಳು ಏನು ಕಲೀಬೇಕು?"

ಹೊರಗೆ ಬಂದ ಮೇಲೆ ಮಾವ, "ಪಾಪ, ಒಳ್ಳೆ ಹೆಂಗಸು," ಎಂದರು. ನನಗೆ ಶಾಲೆಯ ಗೇಟನ್ನು ಒದೆಯಬೇಕು ಅನ್ನಿಸಿತು. ಒದ್ದೆ ಕೂಡ. ಕಾವಲಿನವನು ಬೈದ.

ಗಾರ್ಡು ನಂಬಲಿಲ್ಲ, ನಂಬಿದರೆ ಗೋಡೆಯ ಗತಿಯೇನು? ಅಸ್ಥಿಪಂಜರದವನು ನಂಬಲಿಲ್ಲ. ಕ್ಷೌರದ ಅಂಗಡಿಯವನು ಅರ್ಧ ಗಡ್ಡದಲ್ಲಿ ಕೈ ನಿಲ್ಲಿಸಿ, "ಅಣ್ಣ, ತಮಾಷೆ ಬೇಡ, ಕತ್ತಿ ಜಾರುತ್ತೆ," ಎಂದ. ಹೀಗೆ ಹೇಳಿ ಹೇಳಿ, ಕೊನೆಗೆ ಇಲಾಖೆಯ ಕಚೇರಿ.

ಅಲ್ಲಿ ಒಬ್ಬ ಅಧಿಕಾರಿ. ಮೇಜಿನ ಮೇಲೆ ಮೂರು ಕಡತ, ಮೂರರ ಮೇಲೂ ಒಂದೊಂದು ಚಹಾ ಲೋಟದ ಗುಂಡು ಗುರುತು. ಮಾವ ಕೈಕಟ್ಟಿ ನಿಂತು ತಮ್ಮ ಹದಿನೇಳನೆಯ ನಿಜ ಹೇಳಿದರು.

"ನೀವೇ ಅಲ್ವಾ ಭಾಷಣ ಮಾಡಿದ್ದು?" ಎಂದ ಅಧಿಕಾರಿ. "ನನ್ನ ಮಗಳು ಅವತ್ತಿಂದ ಬಕೆಟ್ಟಿನ ನೀರಲ್ಲಿ ಮುಖ ಇಟ್ಕೊಂಡು ಕೂತಿರ್ತಾಳೆ. ಚಟಚಟ ಕೇಳ್ಸುತ್ತಂತೆ. ನೋಡದೆ ಇರೋ ಮನುಷ್ಯನಿಗೆ ಹಾಗೆ ಹೇಳೋಕೆ ಬರುತ್ತೇನ್ರೀ?"

"ನೋಡದೆ ಇದ್ದಿದ್ದಕ್ಕೇ ಬಂತು ಸಾರ್," ಎಂದರು ಮಾವ.

ಅಧಿಕಾರಿ ನಕ್ಕ. ಅವನ ನಗು ಕಂಡು ನನ್ನ ತಲೆಗೆ ಬೆಂಕಿ ಬಿತ್ತು.

"ಯಾಕ್ರೀ ನಗ್ತೀರಿ? ಜೀವಮಾನ ಪೂರ್ತಿ ಒಂದು ಜಾಗ ನೋಡ್ಬೇಕು ಅಂತ ಕಾದಿರೋ ಮನುಷ್ಯ ಇವರು. ಬೀರು ತೆಗೀದೆ ಇರೋ ಮೇಷ್ಟ್ರುಗಳನ್ನೆಲ್ಲ ಹಡಗು ಹತ್ತಿಸ್ತೀರಿ, ನನ್ನ ಹತ್ತಿಸ್ತೀರಿ, ನನಗೆ ಹಲ್ಲು ಬಿಟ್ರೆ ಏನೂ ಗೊತ್ತಿಲ್ಲ! ಹೋಗಿದ್ರೇನಂತೆ, ಹೋಗದಿದ್ರೇನಂತೆ, ಕಳ್ಸೋಕೇನು ನಿಮಗೆ ರೋಗ?"

ಅಧಿಕಾರಿ ಕನ್ನಡಕ ತೆಗೆದು ಒರೆಸಿದ.

"ಕೂಗಬೇಡಪ್ಪ. ಹೋಗಿಬಂದವರಿಗೆ ಬೇರೆ ಅರ್ಜಿ ಇದೆ. ಪ್ರತಿ ತಂಡಕ್ಕೂ ಒಬ್ಬ ಮಾರ್ಗದರ್ಶಿ ಇರಬೇಕು ಅಂತ ನಿಯಮ. ಇಲ್ಲಿವರೆಗೆ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ."

ಕಪಾಟಿನಿಂದ ಹಳದಿಯಾದ ಒಂದು ಹಾಳೆ ಹೊರಬಂತು. ಕೆಳಗೆ ದಪ್ಪ ಅಕ್ಷರದಲ್ಲಿ: ಸದರಿ ದ್ವೀಪಕ್ಕೆ ನಾನು ಈ ಮೊದಲು ಹೋಗಿ ಬಂದಿರುವುದು ಸತ್ಯವೆಂದು ದೃಢೀಕರಿಸುತ್ತೇನೆ.

ಮಾವ ಅದನ್ನು ಎರಡು ಸಲ ಓದಿದರು. ಹದಿನೈದು ದಿನ ಮನೆಮನೆ ಅಲೆದು ಯಾವುದನ್ನು ಸುಳ್ಳು ಎಂದು ಬೇಡಿಕೊಂಡಿದ್ದರೋ, ಅದನ್ನೇ ಈಗ ಕೈಯಾರೆ ಬರೆದುಕೊಡಬೇಕು.

"ಪೆನ್ನು ಕೊಡಿ ಸಾರ್," ಎಂದರು.

ಹಡಗಿನಲ್ಲಿ ನಾವು ಹನ್ನೆರಡು ಜನ ಮತ್ತು ಮಾರ್ಗದರ್ಶಿ. ಮುಖ್ಯೋಪಾಧ್ಯಾಯಿನಿಯೂ ಇದ್ದರು, ತಲೆಗೆ ಅಗಲವಾದ ಟೋಪಿ. ಮೊದಲ ದಿನ ಹನ್ನೆರಡೂ ಜನ ಸಾಲಾಗಿ ಕಟಾಂಜನಕ್ಕೆ ಒರಗಿ ವಾಂತಿ ಮಾಡಿದೆವು. ಮಾವ ಮಾತ್ರ ಹಡಗಿನ ಮುಂತುದಿಯಲ್ಲಿ ಮದುಮಗನ ಹಾಗೆ ನಿಂತಿದ್ದರು. ನೀರು ಕೊಟ್ಟರೆ ಕುಡಿಯುವರು, ಕೂರಿ ಎಂದರೆ ಕೂರರು.

ಮೂರನೆಯ ದಿನ ಬೆಳಿಗ್ಗೆ ನೀರಿನ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಎದ್ದಿತು. ಅದು ಬೆಳೆಯಿತು, ಭುಜ ಬಂತು, ಬುಡ ಬಂತು. ಮಾವ ಬೆರಳು ಎತ್ತಿ ಬೆಟ್ಟದ ಏಣುಗಳನ್ನು ಎಣಿಸಿದರು.

"ಏಳು," ಎಂದರು. "ನಾವು ಆರೇ ಮಾಡ್ತಿದ್ವಿ ಕಣೋ."

ಅಲೆ ಏಳುವ ಮುಂಚೆ ಹೊರಡಬೇಕು, ನಾಲ್ಕೇ ಗಂಟೆ ಸಮಯ ಎಂದು ಹಡಗಿನವರು ಹೇಳಿ ದೋಣಿಯಲ್ಲಿ ಕರೆತಂದು ಕಟ್ಟೆಯ ಮೇಲೆ ಇಳಿಸಿದರು. ಮರಳು ನಿಜಕ್ಕೂ ಕಪ್ಪಗಿತ್ತು. ಮಾವ ಚಪ್ಪಲಿ ಬಿಚ್ಚಿ ನಿಂತರು. ಬಿಸಿಯೇ ಎಂದು ನಾನು ಕೇಳಲಿಲ್ಲ. ಅವರ ಮುಖ ನೋಡಿದರೆ ಸಾಕಾಗಿತ್ತು.

ಕಟ್ಟೆಯ ಹತ್ತಿರ ದ್ವೀಪದ ಕಾವಲುಗಾರ ಬಲೆ ಹೊಲಿಯುತ್ತ ಕೂತಿದ್ದ. ನಾವು ಬಲಕ್ಕೆ ಹೊರಟದ್ದನ್ನು ಕಂಡು, "ಯಾವ ಕಡೆ? ಹವಳ ನೋಡೋಕಾದ್ರೆ ಎಡಕ್ಕೆ, ಹತ್ತು ನಿಮಿಷ ಅಷ್ಟೆ," ಎಂದ.

"ನೀನು ಸುಮ್ನಿರಪ್ಪ," ಎಂದರು ಮುಖ್ಯೋಪಾಧ್ಯಾಯಿನಿ. "ನಮ್ಮ ಮಾರ್ಗದರ್ಶಿ ನಿನಗಿಂತ ಮುಂಚೆ ಬಂದೋರು."

ಅವನು ಅಲ್ಲೇ ಹುಟ್ಟಿದವನು. ಆದರೆ ಅವನ ಬಳಿ ಸಹಿ ಹಾಕಿದ ಅರ್ಜಿ ಇರಲಿಲ್ಲ.

ಬಲಕ್ಕೆ ನಡೆದೆವು. ಕರಕಲು ಕಲ್ಲು, ಕಾಲಿಟ್ಟರೆ ಗಾಜಿನ ಹಾಗೆ ಸಿಡಿಯುವ ಚೂರು, ಮೂಗಿಗೆ ಗಂಧಕದ ವಾಸನೆ. ಹನ್ನೆರಡು ಜನರಿಗೂ ನೀರಿನೊಳಗೆ ನೋಡಲು ತಂದ ಕನ್ನಡಕಗಳ ಚೀಲವನ್ನು ಮಾರ್ಗದರ್ಶಿಯ ಕರ್ತವ್ಯವೆಂದು ಮಾವನೇ ಹೊತ್ತಿದ್ದರು. "ಆ ತಿರುವು ದಾಟಿದ್ರೆ ಬಂತು," ಎಂದರು. ದಾಟಿದೆವು. "ಆ ದಿಣ್ಣೆ ಇಳಿದ್ರೆ." ಇಳಿದೆವು. ಹೊರಟು ಎರಡು ಗಂಟೆ ಕಳೆಯಿತು. ಕೊನೆಗೆ ದಾರಿ ಮುಗಿಯಿತು. ಎದುರಿಗೆ ಕಡಿದಾದ ಕಪ್ಪು ಬಂಡೆ, ಕೆಳಗೆ ನೊರೆ ಕಾರುವ ಸಮುದ್ರ, ಬಂಡೆಯ ಮೇಲೆ ಸಾಲಾಗಿ ಕೂತ ಹಕ್ಕಿಗಳು. ಅವು ನಮ್ಮನ್ನು ನೋಡಿದ ರೀತಿ ಇಲಾಖೆಯ ಅಧಿಕಾರಿಯದೇ.

ಮಾವ ಎಡಗೈಯನ್ನು ಬಟ್ಟಲಿನ ಹಾಗೆ ಹಿಡಿದು ನೋಡಿದರು. ಬಲಗೈ ಬೆರಳಿಂದ ಅದರೊಳಗೆ ಎಡಗಡೆಗೆ ಒಂದು ಗೀರು ಎಳೆದರು. ಆಮೇಲೆ ಕೈಯನ್ನು ಕವುಚಿದರು. ಮತ್ತೆ ಮೇಲೆ ಮಾಡಿದರು. ಮತ್ತೆ ಕವುಚಿದರು.

"ಅಚ್ಚು ಕಣೋ," ಎಂದರು, ನನಗೆ ಮಾತ್ರ ಕೇಳುವ ಹಾಗೆ. "ಪುಸ್ತಕದಲ್ಲಿ ಇದ್ದ ಹಾಗೇ ಕೊರೆದುಬಿಟ್ಟೆ. ಕವುಚಿದಾಗ ಎಡ ಬಲ ಆಗುತ್ತೆ ಅನ್ನೋದು ಹೊಳೀಲೇ ಇಲ್ಲ. ಮೊದಲನೇ ವಾರ ಅಲ್ವಾ, ಯಾರೂ ಹೇಳ್ಕೊಟ್ಟಿರ್ಲಿಲ್ಲ."

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿಗೂ ಹೊಳೆದಿತ್ತು. ಟೋಪಿ ಕಿತ್ತು ನೆಲಕ್ಕೆ ಬಡಿದರು. "ನಾನೂರು ಪುಸ್ತಕ ತಿದ್ದಿಸಿದ್ದೀನ್ರೀ! ಸರಿ ಬರೆದ ಮಕ್ಕಳಿಗೆ ಸೊನ್ನೆ ಕೊಟ್ಟಿದ್ದೀನಿ! ನೀವು... ನೀವು ಇಲ್ಲಿಗೆ ಬಂದೇ ಇರಲಿಲ್ಲ!"

"ಇಲ್ಲ ಮೇಡಂ. ಇದೇ ಮೊದಲು."

ಈ ಸಲ ನಂಬಿದರು.

ದೂರದಲ್ಲಿ ಹಡಗು ಮೊದಲ ಸಲ ಕೂಗಿತು. ವಾಪಸು ಎರಡು ಗಂಟೆಯ ದಾರಿ. ಬೈಗುಳದ ನಡುವೆ ನಡೆದೆವು. ಮಾವ ಚೀಲ ಹೊತ್ತು ಎಲ್ಲರಿಗಿಂತ ಮುಂದೆ, ಓಡು ನಡಿಗೆಯಲ್ಲಿ. ಎಲ್ಲಾದರೂ ಹತ್ತು ನಿಮಿಷ ಉಳಿದೀತು ಎಂದು. ಉಳಿಯಲಿಲ್ಲ. ಕಟ್ಟೆಯಲ್ಲಿ ದೋಣಿ ಹಗ್ಗ ಬಿಚ್ಚಿ ಕಾಯುತ್ತಿತ್ತು. ಮಾವ ಎಡಗಡೆಯ ದಾರಿಯ ಬಾಯಲ್ಲಿ ಒಂದು ಗಳಿಗೆ ನಿಂತರು. ನಾನು ತೋಳು ಹಿಡಿದು ದೋಣಿಗೆ ಹತ್ತಿಸಿದೆ. ಹಿಡಿಯಬೇಕಾಗಿ ಬಂತು.

ಹಡಗು ತಿರುಗಿ ದ್ವೀಪವನ್ನು ಬಳಸಿತು. ಆಗ ಕಂಡಿತು. ನೀಲಿ ಇದ್ದಕ್ಕಿದ್ದ ಹಾಗೆ ತಿಳಿಯಾಗಿ, ಹಸಿರಾಗಿ, ಬೆಳ್ಳಗೆ ಹೊಳೆಯುವ ಒಂದು ಅರ್ಧಚಂದ್ರ. ಎಲ್ಲರೂ ನುಗ್ಗಿ ಕಟಾಂಜನಕ್ಕೆ ಅಂಟಿಕೊಂಡು ಫೋನು ಎತ್ತಿದರು. ಮಾವ ಚೀಲ ಹಿಡಿದು ಹಿಂದೆ ನಿಂತಿದ್ದರು. ಅವರ ಮುಂದೆ ಹನ್ನೊಂದು ಬೆನ್ನು.

"ಸರೀರಿ!" ಎಂದು ಮೊಣಕೈಯಲ್ಲಿ ತಿವಿದು ಜಾಗ ಮಾಡಿದೆ. ಯಾರನ್ನು ತಿವಿದೆ ಎಂದು ನೋಡಲಿಲ್ಲ. ಟೋಪಿ ಇತ್ತು ಅನ್ನಿಸುತ್ತದೆ.

ಮಾವ ನೋಡಿದರು. "ಗುಲಾಬಿ ಎಲ್ಲಿ?" ಎಂದರು.

"ಅದು ಇಲ್ಲಿಂದ ಕಾಣಲ್ಲ ಸ್ವಾಮಿ," ಎಂದ ಹಗ್ಗ ಸುತ್ತುತ್ತಿದ್ದ ಹಡಗಿನ ಆಳು. "ನೀರಿಗಿಳಿದು ಮುಖ ಮುಳುಗಿಸಿದ್ರೆ ಮಾತ್ರ."

"ಓಹೋ," ಎಂದರು ಮಾವ. "ಹಾಗಾ."

ಸ್ವಲ್ಪ ಹೊತ್ತಿನ ಮೇಲೆ ಮುಖ್ಯೋಪಾಧ್ಯಾಯಿನಿ ಒಂದು ಹಾಳೆ ಹಿಡಿದು ಬಂದರು. ಇಲಾಖೆಗೆ ದೂರು. ಹತ್ತು ಜನರ ಸಹಿ, ಅವರದು ಹನ್ನೊಂದನೆಯದು, ನನ್ನದು ಬಾಕಿ. 'ಸದರಿ ವ್ಯಕ್ತಿಯು ಈ ದ್ವೀಪವನ್ನು ಎಂದೂ ಕಂಡವನಲ್ಲವೆಂದು ನಾವೆಲ್ಲರೂ ಪ್ರಮಾಣ ಮಾಡಿ ಹೇಳುತ್ತೇವೆ.' ಓದಿ ಹರಿಯಲು ಹೊರಟೆ. ಮಾವ ಕೈ ಚಾಚಿ ತೆಗೆದುಕೊಂಡರು. ನಿಧಾನವಾಗಿ ಓದಿ, ಮಡಿಕೆ ಬೀಳದ ಹಾಗೆ ಅವರಿಗೇ ಹಿಂತಿರುಗಿಸಿದರು.

"ನಿನ್ನೆವರೆಗೂ ನಿಜ ಮೇಡಂ," ಎಂದರು.

ಆಮೇಲೆ ಹಡಗಿನ ಹಿಂತುದಿಗೆ ಹೋದರು. ಆ ಹೊತ್ತಿಗೆ ಬೆಟ್ಟವೂ ಮುಳುಗಿತ್ತು. ನೋಡಲು ನೀರು ಬಿಟ್ಟು ಇನ್ನೇನೂ ಉಳಿದಿರಲಿಲ್ಲ. ಮಾವ ಅದನ್ನೇ ನೋಡುತ್ತ ನಿಂತರು.